ಕದ್ದು ನೋಡುವುದು ಕಾವಲಲ್ಲ

ಮಕ್ಕಳ ಓದಿಗೆಂದು ಮನೆಗೆ ಕಂಪ್ಯೂಟರ್ ತಂದ ತಂದೆತಾಯಂದಿರು ಅಂಗಡಿಯವರನ್ನೋ, ಸಾಫ್ಟ್‌ವೇರ್ ಕೆಲಸದಲ್ಲಿರುವ ನೆಂಟರನ್ನೋ ಕೇಳುವ ಪ್ರಶ್ನೆಯೊಂದಿದೆ: ಮಗ ಇದರಲ್ಲಿ ಏನೇನು ನೋಡುತ್ತಾನೆ ಎಂಬುದು ಅವನಿಗೆ ಗೊತ್ತಾಗದ ಹಾಗೆ ನಮಗೆ ತಿಳಿಯುವಂತೆ ಮಾಡಿಕೊಡಬಹುದೇ? ಮಾಡಿಕೊಡಬಹುದು. ಒತ್ತಿದ ಪ್ರತಿ ಕೀಲಿಯನ್ನೂ ಬರೆದಿಟ್ಟುಕೊಳ್ಳುವ, ಆಗಾಗ ಪರದೆಯ ಚಿತ್ರ ತೆಗೆದು ಅಪ್ಪನ ಮೊಬೈಲಿಗೆ ಕಳಿಸುವ ತಂತ್ರಾಂಶಗಳು ತಿಂಗಳ ಚಂದಾಕ್ಕೆ ಸಿಗುತ್ತವೆ. ಆದರೆ ಆ ಪ್ರಶ್ನೆಯೊಳಗೆ ಎರಡು ಬೇಡಿಕೆಗಳಿವೆ. ನಮಗೆ ತಿಳಿಯಬೇಕು ಎಂಬುದು ಒಂದು, ಅದು ನ್ಯಾಯವಾದದ್ದು. ಅವನಿಗೆ ಗೊತ್ತಾಗಬಾರದು ಎಂಬುದು ಇನ್ನೊಂದು. ಎರಡನೆಯದು ಈಡೇರಿದ ಮನೆಯಲ್ಲಿ ಮೊದಲನೆಯದು ಈಡೇರುವುದು ಕಷ್ಟ ಎಂದು ನಾನು ವಾದಿಸುತ್ತೇನೆ. ಮಕ್ಕಳ ಇಂಟರ್ನೆಟ್ ಬಳಕೆಯ ಮೇಲೆ ನಿಗಾ ಇರಲೇಬೇಕು. ಅದು ಮಗುವಿಗೆ ಗೊತ್ತಿರಬೇಕು, ವಯಸ್ಸು ಏರಿದಂತೆ ಸಡಿಲವಾಗುತ್ತ ಹೋಗಬೇಕು. ಇದರಿಂದ ನಾಳೆ ನನ್ನ ಮಗು ನನ್ನ ಬಳಿ ಬಂದು ಹೇಳಿಕೊಳ್ಳುವುದು ಹೆಚ್ಚುತ್ತದೋ ಕಡಿಮೆಯಾಗುತ್ತದೋ ಎಂಬ ಒಂದೇ ಅಳತೆಗೋಲಿನಲ್ಲಿ ಅದರ ಪ್ರತಿ ಕ್ರಮವನ್ನೂ ಅಳೆಯಬೇಕು.

ತಂದೆತಾಯಿಯ ಭಯವನ್ನು ಹಗುರವಾಗಿ ಕಾಣುವುದು ತಪ್ಪು. ಆಟದ ಚಾಟಿನಲ್ಲಿ ಒಂದೇ ವಯಸ್ಸಿನ ಗೆಳೆಯನ ಸೋಗಿನಲ್ಲಿ ಮಾತಿಗಿಳಿದು, ವಾರಗಟ್ಟಲೆ ಸಲುಗೆ ಬೆಳೆಸಿ, ಫೋಟೋ ಕಳಿಸು ಎಂದು ಪುಸಲಾಯಿಸಿ, ಕೊನೆಗೆ ಅದೇ ಫೋಟೋ ಮುಂದಿಟ್ಟು ಬೆದರಿಸುವವರಿದ್ದಾರೆ. ಸಹಪಾಠಿಯ ಮುಖವನ್ನು ಬೆತ್ತಲೆ ಮೈಗೆ ಅಂಟಿಸಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಹೈಸ್ಕೂಲು ಹುಡುಗರ ಕೈಗೂ ಎಟಕುತ್ತಿವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ ಕೇಂದ್ರ ಸರ್ಕಾರ 2025ರಲ್ಲಿ ನಿಷೇಧದ ಕಾನೂನನ್ನೇ ತಂದಿತು. ತಂತ್ರಜ್ಞಾನದ ಅತಿಬಳಕೆಯಿಂದ ಬಳಲುವವರಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯ ತೆರೆದದ್ದು 2014ರಲ್ಲಿ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ, ಹದಿನಾರು ತುಂಬದವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು ತಡೆದಿದೆ. ಇಷ್ಟೆಲ್ಲ ಇರುವಾಗ ಮಕ್ಕಳನ್ನು ಅವರ ಪಾಡಿಗೆ ಬಿಡಿ ಎನ್ನುವುದು ಹೊಣೆಗೇಡಿತನ. ಹಾಗಾಗಿ ನೋಡಿಕೊಳ್ಳಬೇಕೇ ಬೇಡವೇ ಎಂಬ ಚರ್ಚೆಗೆ ಅರ್ಥವಿಲ್ಲ. ಹೇಗೆ ನೋಡಿಕೊಂಡರೆ ನಿಜಕ್ಕೂ ಕಾಪಾಡಿದಂತಾಗುತ್ತದೆ ಎಂಬುದನ್ನು ವಿಚಾರಿಸಬೇಕು.

ಇದಕ್ಕೆ ದಾರಿ ತೋರಿಸುವ ಅಧ್ಯಯನವೊಂದು ಇಂಟರ್ನೆಟ್ಟಿಗೆ ಸಂಬಂಧಿಸಿದ್ದೇ ಅಲ್ಲ. ಸ್ವೀಡನ್ನಿನ ಮನೋವಿಜ್ಞಾನಿಗಳಾದ ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ದಲ್ಲಿ ಹದಿನಾಲ್ಕು ವಯಸ್ಸಿನ 703 ಮಕ್ಕಳನ್ನೂ ಅವರ ಪೋಷಕರನ್ನೂ ಆಧರಿಸಿದ ಸಂಶೋಧನೆ ಪ್ರಕಟಿಸಿದರು. ಮಕ್ಕಳು ಎಲ್ಲಿ ಹೋಗುತ್ತಾರೆ, ಯಾರ ಜೊತೆ ಇರುತ್ತಾರೆ ಎಂಬುದು ಪೋಷಕರಿಗೆ ಚೆನ್ನಾಗಿ ಗೊತ್ತಿರುವ ಮನೆಗಳಲ್ಲಿ ಮಕ್ಕಳು ದಾರಿತಪ್ಪುವುದು ಕಡಿಮೆ ಎಂಬುದು ಅಷ್ಟರಲ್ಲಾಗಲೇ ಒಪ್ಪಿತವಾಗಿದ್ದ ಸಂಗತಿ. ಅದನ್ನೇ ಆಧಾರವಾಗಿಟ್ಟುಕೊಂಡು, ಹಾಗಾದರೆ ಹೆಚ್ಚು ಕಣ್ಣಿಡಿ ಎಂದು ತಜ್ಞರು ಪೋಷಕರಿಗೆ ಹೇಳುತ್ತಿದ್ದರು. ಸ್ಟಾಟಿನ್ ಮತ್ತು ಕೆರ್ ಅದಕ್ಕೂ ಹಿಂದಿನ ಪ್ರಶ್ನೆಯೊಂದನ್ನು ಕೇಳಿದರು: ಪೋಷಕರಿಗೆ ಅದೆಲ್ಲ ಗೊತ್ತಾದದ್ದು ಹೇಗೆ? ಕೇಳಿ ತಿಳಿದದ್ದೇ, ಕಟ್ಟುಪಾಡು ಹಾಕಿ ತಿಳಿದದ್ದೇ, ಇಲ್ಲಾ ಮಕ್ಕಳೇ ತಾವಾಗಿ ಬಂದು ಹೇಳಿದ್ದೇ? ಈ ಮೂರರಲ್ಲಿ ಮಕ್ಕಳು ತಾವಾಗಿ ಹೇಳಿದ್ದೇ ಎಲ್ಲಕ್ಕಿಂತ ದೊಡ್ಡ ಮೂಲವಾಗಿತ್ತು. ಕಾವಲಿನ ಫಲ ಎಂದು ಅಷ್ಟು ವರ್ಷ ಎಣಿಸಿದ್ದ ತಿಳಿವಳಿಕೆಯ ಬಹುಪಾಲು ವಿಶ್ವಾಸದ ಫಲವಾಗಿತ್ತು. ಮುಚ್ಚಿಡಲು ಏನೂ ಇಲ್ಲದ ಮಕ್ಕಳು ಹೇಗೂ ಹೇಳುತ್ತಾರೆ, ಇದರಲ್ಲಿ ಕಾರಣ ಯಾವುದು ಪರಿಣಾಮ ಯಾವುದು ಎಂದು ಯಾರಾದರೂ ಕೇಳಬಹುದು. ಸರಿಯಾದ ಆಕ್ಷೇಪವೇ. ಅದೇ ಸಂಶೋಧಕರು ಸಂಗಡಿಗರೊಬ್ಬರೊಂದಿಗೆ ಸೇರಿ ಮಕ್ಕಳನ್ನು ಕಾಲಾಂತರದಲ್ಲಿ ಮತ್ತೆ ವಿಚಾರಿಸಿ 2010ರಲ್ಲಿ ಇನ್ನೊಂದು ಅಧ್ಯಯನ ಹೊರತಂದರು. ಪೋಷಕರ ತಿಳಿವಳಿಕೆಯನ್ನು ಬೆಳೆಸಿದ್ದು ಮಕ್ಕಳ ಹೇಳಿಕೆಯೇ ಹೊರತು ನಿಯಂತ್ರಣವಲ್ಲ ಎಂಬುದು ಅಲ್ಲೂ ಉಳಿಯಿತು.

ಬೀದಿಯ ಓಡಾಟದ ಬಗೆಗಿನ ಈ ಮಾತು ಪರದೆಯ ಓಡಾಟಕ್ಕೆ ಇನ್ನೂ ಹೆಚ್ಚು ಹೊಂದುತ್ತದೆ. ಇಂದಿನ ಬಹುತೇಕ ಜಾಲತಾಣಗಳ ಸಂಪರ್ಕ ಗೂಢಲಿಪಿಯಲ್ಲಿ ನಡೆಯುವುದರಿಂದ, ಮನೆಯ ವೈಫೈ ರೌಟರಿನ ದಾಖಲೆಯಲ್ಲಿ ಕಾಣುವುದು ತಾಣದ ಹೆಸರಷ್ಟೇ. ಮಗಳು ಯೂಟ್ಯೂಬಿನಲ್ಲಿ ಎರಡು ಗಂಟೆ ಇದ್ದಳು ಎಂದು ಅದು ಹೇಳೀತು. ಆ ಎರಡು ಗಂಟೆ ತ್ರಿಕೋನಮಿತಿಯ ಪಾಠ ಕೇಳಿದಳೋ, ಊಟ ಬಿಟ್ಟು ಸಣಕಲಾಗುವುದು ಹೇಗೆಂದು ಕಲಿಸುವ ವಿಡಿಯೋ ನೋಡಿದಳೋ ಎಂದು ಹೇಳಲಾರದು. ಬ್ರೌಸರಿನ ಹಿಸ್ಟರಿ ಅದನ್ನು ಹೇಳಬಲ್ಲದು, ಆದರೆ ಅದನ್ನು ಅಳಿಸುವುದನ್ನೂ ಇನ್‌ಕಾಗ್ನಿಟೋ ಕಿಟಕಿ ತೆರೆಯುವುದನ್ನೂ ಮಕ್ಕಳು ಬೇಗನೆ ಕಲಿಯುತ್ತಾರೆ. ಇವೆರಡನ್ನೂ ಮೀರಿದ ಬೇಹುಗಾರಿಕೆಯ ತಂತ್ರಾಂಶ ಹಾಕಿದಿರಿ ಎಂದುಕೊಳ್ಳೋಣ. ಆಗಲೂ ಸಿಗುವುದು ಪುಟಗಟ್ಟಲೆ ದಾಖಲೆ. ಸಾವು ಎಂಬ ಪದವನ್ನು ಹುಡುಕಿದ ಹುಡುಗ ನೊಂದಿದ್ದಾನೋ, ಕನ್ನಡ ಪಾಠದ ಪದ್ಯಕ್ಕೆ ಭಾವಾರ್ಥ ಬರೆಯುತ್ತಿದ್ದಾನೋ ಎಂಬುದಕ್ಕೆ ಉತ್ತರ ಆ ದಾಖಲೆಯಲ್ಲಿ ಇರುವುದಿಲ್ಲ. ಉತ್ತರ ಇರುವುದು ಅವನ ಬಳಿ. ಕದ್ದು ನೋಡಿದ ತಂದೆ ಅವನನ್ನು ಕೇಳುವಂತೆಯೂ ಇಲ್ಲ, ಕೇಳಿದರೆ ಕದ್ದದ್ದು ಬಯಲಾಗುತ್ತದೆ. ಹೀಗೆ ಗುಟ್ಟಿನ ಕಣ್ಗಾವಲು ಅರ್ಧ ತಿಳಿವಳಿಕೆ ಕೊಟ್ಟು, ಉಳಿದರ್ಧಕ್ಕೆ ಹೋಗುವ ದಾರಿಯನ್ನು ಮುಚ್ಚಿಬಿಡುತ್ತದೆ.

ನೋಡುವುದೇ ಬೇಡ, ಕೆಟ್ಟದ್ದು ಬರದಂತೆ ತಡೆದುಬಿಡೋಣ ಎನ್ನುವವರು ಫಿಲ್ಟರ್ ತಂತ್ರಾಂಶಗಳನ್ನು ನಂಬುತ್ತಾರೆ. ಆಕ್ಸ್‌ಫರ್ಡಿನ ಆಂಡ್ರ್ಯೂ ಶಿಬಿಲ್‌ಸ್ಕಿ ಮತ್ತು ವಿಕ್ಟೋರಿಯಾ ನ್ಯಾಶ್ ಯುರೋಪಿನ ಹದಿಹರೆಯದವರ ಮಾಹಿತಿಯನ್ನು ಜಾಲಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಗೆ ಪೆಟ್ಟು ಕೊಟ್ಟಿತು. ಮಕ್ಕಳು ಲೈಂಗಿಕ ದೃಶ್ಯಗಳನ್ನು ಕಂಡರೋ ಇಲ್ಲವೋ ಎಂಬ ವ್ಯತ್ಯಾಸದಲ್ಲಿ ಶೇ 99.5ಕ್ಕೂ ಹೆಚ್ಚು ಪಾಲಿಗೆ ಮನೆಯ ಫಿಲ್ಟರ್ ಕಾರಣವಾಗಿರಲಿಲ್ಲ. ಒಂದು ಮಗುವಿನ ಕಣ್ಣಿಗೆ ಬೀಳುವುದನ್ನು ತಪ್ಪಿಸಲು ಹದಿನೇಳರಿಂದ ಎಪ್ಪತ್ತೇಳು ಮನೆಗಳು ಫಿಲ್ಟರ್ ಹಾಕಿಕೊಳ್ಳಬೇಕಾದೀತು ಎಂದು ಅವರು ಲೆಕ್ಕ ಹಾಕಿದರು. ತಡೆಯದಿರುವುದು ಒಂದು ತೊಂದರೆಯಾದರೆ, ತಡೆಯಬಾರದ್ದನ್ನು ತಡೆಯುವುದು ಮತ್ತೊಂದು. ಅಮೆರಿಕದ ಕೈಸರ್ ಫ್ಯಾಮಿಲಿ ಫೌಂಡೇಶನ್ 2002ರಲ್ಲಿ ನಡೆಸಿದ ಪರೀಕ್ಷೆಯನ್ನು ಇಲ್ಲಿ ನೆನೆಯಬೇಕು. ಫಿಲ್ಟರನ್ನು ಅತಿ ಸಡಿಲವಾಗಿಟ್ಟಾಗ ಅಶ್ಲೀಲ ತಾಣಗಳಲ್ಲಿ ಶೇ 87 ತಡೆಯಲ್ಪಟ್ಟವು. ಆರೋಗ್ಯ ಮಾಹಿತಿಯ ತಾಣಗಳಲ್ಲಿ ತಪ್ಪಾಗಿ ತಡೆಯಲ್ಪಟ್ಟದ್ದು ಶೇ 1.4 ಮಾತ್ರ. ಅತಿ ಬಿಗಿಯಾಗಿಟ್ಟಾಗ ಅಶ್ಲೀಲ ತಾಣಗಳ ತಡೆ ಶೇ 91ಕ್ಕೆ ಏರಿತು, ಆರೋಗ್ಯ ಮಾಹಿತಿಯ ತಡೆ ಶೇ 24ಕ್ಕೆ ಜಿಗಿಯಿತು. ಬಿಗಿ ಮಾಡಿದ್ದರಿಂದ ಬಂದ ಲಾಭ ಚೂರು, ಆದ ನಷ್ಟ ರಾಶಿ. ತಂತ್ರಜ್ಞಾನ ಆಮೇಲೆ ಬಹಳ ಬದಲಾಗಿದೆ, ನಿಜ. ಆದರೂ ಮುಟ್ಟಿನ ನೋವಿನ ಬಗ್ಗೆ, ಮೈಯ ಬದಲಾವಣೆಗಳ ಬಗ್ಗೆ, ಕೆಟ್ಟ ಸ್ಪರ್ಶದ ಬಗ್ಗೆ ಅಮ್ಮನನ್ನು ಕೇಳಲು ನಾಚುವ ಹುಡುಗಿ ಹುಡುಕುವುದು ಈ ಆರೋಗ್ಯ ತಾಣಗಳನ್ನೇ ಎಂಬುದನ್ನು ಬಿಗಿ ಫಿಲ್ಟರ್ ಬಯಸುವ ಪ್ರತಿ ಮನೆಯೂ ಯೋಚಿಸಬೇಕು.

ಇನ್ನು ಬೇಹು ತಂತ್ರಾಂಶಗಳನ್ನು ಮಾರುವವರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಮೆರಿಕದ ಎಕೋಮೆಟ್ರಿಕ್ಸ್ ಎಂಬ ಕಂಪನಿ ಮನೆಯ ಕಂಪ್ಯೂಟರುಗಳಿಗೆ ‘ಸೆಂಟ್ರಿ’ ಎಂಬ ಪೋಷಕ ನಿಯಂತ್ರಣ ತಂತ್ರಾಂಶ ಮಾರುತ್ತಿತ್ತು. ಅದರ ಮೂಲಕ ಮಕ್ಕಳ ಚಾಟುಗಳಿಂದ ಸಿಕ್ಕ ಮಾಹಿತಿಯನ್ನು ‘ಪಲ್ಸ್’ ಎಂಬ ಇನ್ನೊಂದು ಸೇವೆಯ ಮೂಲಕ ಮಾರುಕಟ್ಟೆ ಸಂಶೋಧಕರಿಗೆ ಒದಗಿಸುತ್ತಿತ್ತು. ಪೋಷಕರಿಗೆ ಇದನ್ನು ಸರಿಯಾಗಿ ತಿಳಿಸಿರಲಿಲ್ಲ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಮೊಕದ್ದಮೆ 2010ರಲ್ಲಿ ಇತ್ಯರ್ಥವಾಯಿತು. 2018ರಲ್ಲಿ ಟೀನ್‌ಸೇಫ್ ಎಂಬ ಸೇವೆಯ ಸರ್ವರ್ ಕಾವಲಿಲ್ಲದೆ ತೆರೆದುಬಿದ್ದು, ಮಕ್ಕಳ ಆ್ಯಪಲ್ ಖಾತೆಗಳ ಪಾಸ್‌ವರ್ಡುಗಳು ಯಾರು ಬೇಕಾದರೂ ಓದುವ ರೂಪದಲ್ಲಿ ಸಿಗುತ್ತಿದ್ದವು. ಮಗುವನ್ನು ಅಪರಿಚಿತರಿಂದ ಕಾಯಲೆಂದು ಹಣ ಕೊಟ್ಟ ತಂದೆತಾಯಂದಿರೇ ತಿಳಿಯದೆ ಆ ಮಗುವಿನ ಖಾತೆಯ ಬೀಗದಕೈಯನ್ನು ಅಪರಿಚಿತರಿಗೆ ಒಪ್ಪಿಸಿದಂತಾಯಿತು. ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕಂಪ್ಯೂಟರ್ ಇದ್ದ ಮನೆಗಳೇ ಶೇ 10.7. ಇದ್ದಲ್ಲೂ ಒಂದೇ ಯಂತ್ರ ಮನೆಮಂದಿಗೆಲ್ಲ. ಮಗನ ಮೇಲೆ ಕಣ್ಣಿಡಲು ಹಾಕಿದ ಕೀಲಿದಾಖಲೆಯ ತಂತ್ರಾಂಶ ಅಪ್ಪನ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡನ್ನೂ, ಅಕ್ಕ ಗೆಳತಿಗೆ ಬರೆದ ಕಾಗದವನ್ನೂ, ಅಮ್ಮ ಡಾಕ್ಟರಿಗೆ ಕಳಿಸಿದ ಮೇಲನ್ನೂ ಒಂದೇ ಸಮನೆ ದಾಖಲಿಸಿ ಯಾವುದೋ ದೇಶದ ಸರ್ವರಿಗೆ ಕಳಿಸುತ್ತಿರುತ್ತದೆ. ಮಕ್ಕಳ ಚಲನವಲನ ಹಿಂಬಾಲಿಸಿ ಅವರ ನಡವಳಿಕೆಯ ಮೇಲೆ ಕಣ್ಣಿಡಬಾರದು ಎಂದು ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 9ನೇ ಕಲಮು ಕಂಪನಿಗಳಿಗೆ ನಿರ್ಬಂಧ ಹಾಕಿದೆ. ಅದರ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಕಾನೂನು ಕಂಪನಿಗಳಿಂದ ದೂರವಿಡಲು ಬಯಸಿದ ಮಾಹಿತಿಯನ್ನು ಪೋಷಕರೇ ಚಂದಾ ಕಟ್ಟಿ ಇನ್ನೊಂದು ಕಂಪನಿಯ ಮಡಿಲಿಗೆ ಹಾಕುವುದು ದುಃಖದ ಸಂಗತಿ.

ಇಷ್ಟೆಲ್ಲ ಸರಿ, ಆದರೆ ಅಪಾಯ ಬಾಗಿಲಿಗೆ ಬಂದಾಗ ಮಗು ಬಂದು ಹೇಳುತ್ತದೆಂದು ಕಾದು ಕೂರಲಾದೀತೇ? ಇದು ಅತ್ಯಂತ ಗಟ್ಟಿಯಾದ ಆಕ್ಷೇಪ. ಇದಕ್ಕೆ ಉತ್ತರ ಬೆದರಿಕೆ ಹಾಕುವವನ ವಿಧಾನದಲ್ಲೇ ಇದೆ. ಅವನ ಕೈಯಲ್ಲಿರುವ ಆಯುಧ ಫೋಟೋ ಎಂದು ನಾವು ತಿಳಿಯುತ್ತೇವೆ. ನಿಜವಾದ ಆಯುಧ, ಮನೆಯಲ್ಲಿ ಗೊತ್ತಾದರೆ ಏನು ಗತಿ ಎಂಬ ಮಗುವಿನ ಭಯ. ಆ ಭಯ ಇರುವವರೆಗೆ ಮಗು ಎರಡನೆಯ ಫೋಟೋ ಕಳಿಸುತ್ತದೆ, ಅಪ್ಪನ ಖಾತೆಯಿಂದ ಹಣ ಕಳಿಸುತ್ತದೆ, ಕೊನೆಗೆ ತನಗೇ ಏನಾದರೂ ಮಾಡಿಕೊಳ್ಳುವ ಯೋಚನೆಗೂ ಇಳಿಯಬಹುದು. ಅಮ್ಮನಿಗೆ ಹೇಳಿದರೆ ಬೈಗುಳಕ್ಕಿಂತ ಮೊದಲು ನೆರವು ಸಿಗುತ್ತದೆ ಎಂದು ಆ ಮಗುವಿಗೆ ಗೊತ್ತಿದ್ದರೆ ಬೆದರಿಸುವವನ ಆಟ ಮೊದಲ ದಿನವೇ ಮುಗಿಯುತ್ತದೆ. ಗುಟ್ಟಾಗಿ ಕಣ್ಣಿಟ್ಟದ್ದು ಒಮ್ಮೆ ಬಯಲಾದ ಮನೆಯಲ್ಲಿ ಮಗು ಇದಕ್ಕೆ ತದ್ವಿರುದ್ಧವಾದ ಪಾಠ ಕಲಿಯುತ್ತದೆ. ಮನೆಯ ಕಂಪ್ಯೂಟರನ್ನು ಶುದ್ಧವಾಗಿಟ್ಟು, ತನ್ನ ಕಷ್ಟಸುಖವನ್ನೆಲ್ಲ ಗೆಳೆಯರ ಮೊಬೈಲಿಗೆ ಸಾಗಿಸುತ್ತದೆ. ಗ್ರಾಮೀಣ ಭಾರತದ 14ರಿಂದ 18ರ ವಯಸ್ಸಿನವರನ್ನು ಕುರಿತ 2023ರ ‘ಅಸರ್’ ಶೈಕ್ಷಣಿಕ ಸಮೀಕ್ಷೆಯ ವರದಿಯಲ್ಲಿ ಸುಮಾರು ಶೇ 90ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಒಂದು ಯಂತ್ರವನ್ನು ಸರಪಳಿಯಲ್ಲಿ ಕಟ್ಟಿದರೆ ಇನ್ನೊಂದು ಯಂತ್ರ ಕೈಗೆಟಕುವಷ್ಟೇ ದೂರದಲ್ಲಿದೆ.

ಹುಡುಗಿಯರ ವಿಷಯದಲ್ಲಿ ಈ ಭಯದ ಬೆಲೆ ಇನ್ನೂ ದೊಡ್ಡದು. ಅದೇ ವರದಿಯಲ್ಲಿ, ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ 43.7 ಮಂದಿಗೆ ಸ್ವಂತ ಫೋನ್ ಇತ್ತು, ಹುಡುಗಿಯರಲ್ಲಿ ಶೇ 19.8 ಮಂದಿಗೆ. ಸಾಧನ ಸಿಗುವುದೇ ಕಡಿಮೆ ಇರುವವಳಿಗೆ, ಸಿಕ್ಕದ್ದೂ ಕೈಬಿಟ್ಟು ಹೋದೀತೆಂಬ ಆತಂಕ ಸದಾ ಇರುತ್ತದೆ. ಅಸಭ್ಯ ಸಂದೇಶ ಬಂತೆಂದು ಹೇಳಿದರೆ, ಕಳಿಸಿದವನ ಮೇಲೆ ದೂರು ಕೊಡುವ ಮೊದಲು ತನ್ನ ಲ್ಯಾಪ್‌ಟಾಪ್ ಕಸಿದುಕೊಳ್ಳುತ್ತಾರೆ. ಕೆಲವು ಮನೆಗಳಲ್ಲಿ ಕಾಲೇಜೇ ನಿಂತುಹೋಗಬಹುದು. ಇದು ಗೊತ್ತಿರುವ ಹುಡುಗಿ ಬಾಯಿ ಬಿಡುವುದಿಲ್ಲ. ಅವಳ ಮೌನವನ್ನು ಮನೆಯವರು ಸುರಕ್ಷತೆ ಎಂದು ತಿಳಿಯುತ್ತಾರೆ. ಕೇರಳದಲ್ಲಿ ಹಾಸ್ಟೆಲಿನ ಮೊಬೈಲ್ ನಿರ್ಬಂಧಕ್ಕೆ ಒಪ್ಪದೆ ಹೊರಹಾಕಲ್ಪಟ್ಟ ವಿದ್ಯಾರ್ಥಿನಿ ಫಹೀಮಾ ಶಿರಿನ್ ಅವರ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟ್ 2019ರಲ್ಲಿ, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿತು. ಆಕೆ ವಯಸ್ಕಳು, ಪ್ರಶ್ನೆ ಹಾಸ್ಟೆಲಿನದ್ದು, ನಿಜ. ಆದರೆ ಹದಿನೆಂಟರ ಹಿಂದಿನ ದಿನದವರೆಗೆ ಪೂರ್ತಿ ಕಾವಲು, ಮರುದಿನ ಪೂರ್ತಿ ಸ್ವಾತಂತ್ರ್ಯ ಎಂಬ ವ್ಯವಸ್ಥೆಯಲ್ಲಿ ಬೆಳೆದವರು ಆ ಸ್ವಾತಂತ್ರ್ಯವನ್ನು ನಿಭಾಯಿಸಲು ಕಲಿಯುವುದು ಯಾವಾಗ?

ನಾವು ಹೆತ್ತವರು, ನಮ್ಮ ಮನೆ, ನಮ್ಮ ದುಡ್ಡಿನ ಕಂಪ್ಯೂಟರ್. ಮಕ್ಕಳಿಗೆಂಥ ಖಾಸಗಿತನ ಎಂಬ ಮಾತೂ ಕೇಳಿಬರುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಾವು ಹೆಮ್ಮೆಪಡುವ ವಿಷಯ. ಆ ತೀರ್ಪು ತಂದೆತಾಯಿಯ ಜವಾಬ್ದಾರಿಯನ್ನು ರದ್ದು ಮಾಡಲಿಲ್ಲ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಮಾಡುವುದಿಲ್ಲ. ಮಗುವಿನ ಖಾಸಗಿತನವನ್ನು ತನ್ನ 16ನೇ ವಿಧಿಯಲ್ಲಿ ಕಾಯುವ ಅದೇ ಒಡಂಬಡಿಕೆ, ಮಗುವಿನ ಬೆಳೆಯುವ ಸಾಮರ್ಥ್ಯಕ್ಕೆ ತಕ್ಕಂತೆ ಮಾರ್ಗದರ್ಶನ ಮಾಡುವ ಪೋಷಕರ ಹಕ್ಕನ್ನು 5ನೇ ವಿಧಿಯಲ್ಲಿ ಗೌರವಿಸುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ಸಿಗುವ ಸೂತ್ರ ಸರಳ: ಏಳು ವರ್ಷದವನಿಗೆ ಸಲ್ಲುವ ಕಾವಲು ಹದಿನಾರರವನಿಗೆ ಸಲ್ಲದು.

ಏಳು ವರ್ಷದ ಮಗುವಿಗೆ ಏನು ಮಾಡಬೇಕೆಂಬುದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಕಂಪ್ಯೂಟರ್ ನಡುಮನೆಯಲ್ಲಿರಲಿ, ಪರದೆ ಓಡಾಡುವವರಿಗೆ ಕಾಣಲಿ. ವಿಂಡೋಸಿನಲ್ಲಿ ಮಗುವಿಗೆ ಸ್ಟ್ಯಾಂಡರ್ಡ್ ಖಾತೆ ತೆರೆದು, ಅಡ್ಮಿನಿಸ್ಟ್ರೇಟರ್ ಖಾತೆಯ ಪಾಸ್‌ವರ್ಡ್ ದೊಡ್ಡವರ ಬಳಿ ಇರಲಿ. ಆಗ ಕಂಡಕಂಡ ತಂತ್ರಾಂಶ ಒಳಸೇರುವುದು ಬಹುಮಟ್ಟಿಗೆ ತಪ್ಪುತ್ತದೆ. ವಿಂಡೋಸಿನ ಜೊತೆಗೇ ಬರುವ ಮೈಕ್ರೋಸಾಫ್ಟ್ ಫ್ಯಾಮಿಲಿ ವ್ಯವಸ್ಥೆಯಲ್ಲಿ ಸಮಯದ ಮಿತಿ ಹಾಕಬಹುದು, ನೋಡಬಹುದಾದ ತಾಣಗಳ ಪಟ್ಟಿ ಮಾಡಬಹುದು, ಬಿಂಗ್ ಹುಡುಕಾಟದ ಸೇಫ್‌ಸರ್ಚ್ ಆನ್ ಮಾಡಬಹುದು. ಇವೆಲ್ಲ ಬಹಿರಂಗ ಏರ್ಪಾಡುಗಳು, ಮಗುವಿಗೆ ಕಾಣುವಂಥವು. ಹತ್ತು ಹನ್ನೆರಡರ ಹೊತ್ತಿಗೆ ಪಟ್ಟಿಯನ್ನು ಮಗುವಿನ ಜೊತೆ ಕೂತೇ ತಿದ್ದಬೇಕು. ವಾರದ ವರದಿ ಬಂದರೆ ಇಬ್ಬರೂ ಒಟ್ಟಿಗೆ ನೋಡಬೇಕು. ಹದಿನಾಲ್ಕರ ನಂತರ ಸಂದೇಶಗಳನ್ನು ಓದುವುದನ್ನು ಪೂರ್ತಿ ಬಿಟ್ಟು, ರಾತ್ರಿ ಇಷ್ಟು ಹೊತ್ತಿನ ಮೇಲೆ ಯಂತ್ರ ಬೇಡ ಎಂಬಂಥ ಕೆಲವೇ ನಿಯಮಗಳನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಆ ನಿಯಮ ಅಪ್ಪನಿಗೂ ಅನ್ವಯಿಸಬೇಕು.

ಕಂಪ್ಯೂಟರ್ ಮುಟ್ಟಿಯೇ ಗೊತ್ತಿಲ್ಲದ, ಇಂಗ್ಲಿಷಿನ ಮೆನು ಓದಲು ತಡವರಿಸುವ ತಾಯಿಗೆ ಇದೆಲ್ಲ ಸಾಧ್ಯವೇ ಎಂದು ಕೇಳಬಹುದು. ಖಾತೆ ತೆರೆಯುವಂಥ ಕೆಲಸಕ್ಕೆ ಒಂದು ಸಲ ಯಾರದಾದರೂ ನೆರವು ಬೇಕಾದೀತು. ಉಳಿದದ್ದಕ್ಕೆ ಬೇಕಾದ ಅರ್ಹತೆ ಅವರಲ್ಲಿದೆ. ಇವತ್ತು ಏನು ನೋಡಿದೆ, ನನಗೂ ತೋರಿಸು ಎಂದು ಪಕ್ಕದಲ್ಲಿ ಕೂರುವುದಕ್ಕೆ ಇಂಗ್ಲಿಷ್ ಬೇಕಿಲ್ಲ. ಮಕ್ಕಳಿಗೆ ಎಲ್ಲ ಗೊತ್ತು ಎಂಬ ನಮ್ಮ ಅಳುಕೂ ಪೂರ್ತಿ ನಿಜವಲ್ಲ. 2024ರ ಅಸರ್ ವರದಿಯಲ್ಲಿ, ಸಾಮಾಜಿಕ ಜಾಲತಾಣ ಬಳಸುವ 14ರಿಂದ 16ರ ವಯಸ್ಸಿನ ಗ್ರಾಮೀಣ ಮಕ್ಕಳಲ್ಲಿ ತೊಂದರೆ ಕೊಡುವವರ ಖಾತೆಯನ್ನು ಬ್ಲಾಕ್ ಮಾಡಲು ಗೊತ್ತಿದ್ದವರು ಶೇ 62, ತಮ್ಮ ಖಾತೆಯನ್ನು ಖಾಸಗಿಯಾಗಿಸಲು ಗೊತ್ತಿದ್ದವರು ಶೇ 55.2. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಬಾಗಿಲು ಹಾಕಿಕೊಳ್ಳುವುದನ್ನೂ ಕಲಿಯದೆ ಸಂತೆಗೆ ಇಳಿದಿದ್ದಾರೆ. ಒಂದು ಸಂಜೆ ತಾಯಿ ಮಗಳು ಒಟ್ಟಿಗೆ ಕೂತು ಇವೆರಡನ್ನು ಕಲಿತರೆ, ವರ್ಷವಿಡೀ ಹಿಸ್ಟರಿ ತಡಕಾಡಿದ್ದಕ್ಕಿಂತ ಹೆಚ್ಚಿನ ರಕ್ಷಣೆ ದೊರೆತಂತೆ. ಈ ಕೆಲಸವನ್ನು ನಮ್ಮ ಹೈಸ್ಕೂಲುಗಳ ಪೋಷಕರ ಸಭೆಗಳು ಕೈಗೆತ್ತಿಕೊಳ್ಳಬೇಕು. ಅಂಕಪಟ್ಟಿ ಹಂಚುವ ದಿನವೇ ಅರ್ಧ ಗಂಟೆ ಸಾಕು.

ಹೇಳದೆ ನೋಡಲೇಬೇಕಾದ ಸಂದರ್ಭ ಬರುವುದೇ ಇಲ್ಲವೆಂದು ನಾನು ಹೇಳಲಾರೆ. ಮಗು ಊಟ ನಿದ್ರೆ ಬಿಟ್ಟಿದೆ, ಪರದೆ ಕಂಡರೆ ಬೆಚ್ಚುತ್ತಿದೆ, ಮನೆಯ ಹಣ ಕಾಣೆಯಾಗುತ್ತಿದೆ, ಬದುಕು ಬೇಡವೆಂಬ ಮಾತು ಬಾಯಲ್ಲಿ ಬಂದಿದೆ: ಇಂಥ ಸ್ಪಷ್ಟ ಸೂಚನೆಗಳಿದ್ದಾಗ ತಂದೆತಾಯಿ ನೋಡಬೇಕು, ತಡಮಾಡಬಾರದು. ಆಗಲೂ ನೋಡಿದ ಮೇಲೆ ಅಂದೇ ಹೇಳಿಬಿಡಬೇಕು. ಜೀವದ ಪ್ರಶ್ನೆಯಲ್ಲಿ ಮಾಡಿದ ಒಂದು ಸಲದ ಅತಿಕ್ರಮವನ್ನು ಮಗು ಎಂದಾದರೂ ಅರ್ಥಮಾಡಿಕೊಂಡೀತು. ಯಾವ ಅನುಮಾನವೂ ಇಲ್ಲದೆ ವರ್ಷಗಟ್ಟಲೆ ನಡೆದ ಬೇಹುಗಾರಿಕೆಯನ್ನು ಅರ್ಥಮಾಡಿಕೊಳ್ಳಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ಮಗು ಬಂದು ಹೇಳಿದ ದಿನ ಏನು ಮಾಡಬೇಕೆಂಬುದನ್ನು ಮೊದಲೇ ತಿಳಿದಿಟ್ಟುಕೊಳ್ಳುವುದೂ ಇದೇ ನಿಗಾದ ಭಾಗ. ಬೆದರಿಸುವವನಿಗೆ ಹಣ ಕೊಡಬಾರದು, ಇನ್ನೊಂದು ಫೋಟೋ ಕಳಿಸಲು ಬಿಡಬಾರದು, ಗಾಬರಿಯಲ್ಲಿ ಚಾಟನ್ನೆಲ್ಲ ಅಳಿಸಬಾರದು. ಅವನ ಖಾತೆಯ ಹೆಸರು, ಬೆದರಿಕೆಯ ಮಾತುಗಳು, ದಿನಾಂಕ, ಹಣ ಕೇಳಿದ ಯುಪಿಐ ಸಂಖ್ಯೆ ಇವುಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಬೇಕು. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಇರುತ್ತದೆ. ಸಾಕ್ಷಿಗೆಂದು ಮಗುವಿನ ಅಂಥ ಫೋಟೋವನ್ನು ಚಿಕ್ಕಪ್ಪನಿಗೋ ಪರಿಚಯದ ವಕೀಲರಿಗೋ ವಾಟ್ಸ್ಆ್ಯಪಿನಲ್ಲಿ ಕಳಿಸುವ ತಪ್ಪನ್ನು ಯಾರೂ ಮಾಡಬಾರದು. ಅದು ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನ ಅಡಿಯಲ್ಲಿ ಅಪರಾಧವೇ ಆಗಬಹುದು. ಹದಿನೆಂಟು ತುಂಬುವ ಮೊದಲು ತೆಗೆದ ಬೆತ್ತಲೆ ಚಿತ್ರಗಳು ಹರಡದಂತೆ ತಡೆಯಲು, ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ಅಮೆರಿಕದ ರಾಷ್ಟ್ರೀಯ ಕೇಂದ್ರ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ನಡೆಸುತ್ತಿದೆ. ಅಲ್ಲಿ ಚಿತ್ರವನ್ನು ಯಾರಿಗೂ ಕಳಿಸಬೇಕಿಲ್ಲ. ನಮ್ಮ ಕಂಪ್ಯೂಟರಿನಲ್ಲೇ ಅದರ ಗುರುತುಸಂಖ್ಯೆಯೊಂದು ತಯಾರಾಗಿ, ಆ ಸಂಖ್ಯೆ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ತಾಣಗಳಿಗೆ ಹೋಗುತ್ತದೆ. ಹೆಸರು ಕೊಡಬೇಕಿಲ್ಲ, ಮಗು ಇರುವ ದೇಶ ಯಾವುದೆಂಬ ಕಟ್ಟುಪಾಡೂ ಇಲ್ಲ.